ಆಫೀಸ್ ಪ್ರಿಂಟರ್‌ನ ಸೆಪರೇಟರ್ ಪೇಜ್ ನಮಗೆ ಬೇಕಾದ ಹಾಗೆ ಬದಲಿಸುವುದು ಹೇಗೆ? ಒಬ್ಬರ ಕಾಗದ ಇನ್ನೊಬ್ಬರ ಫೈಲಿಗೆ ಸೇರುತ್ತಿದೆ

ಸರ್ವರ್ ರೂಮು, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮ ಆಫೀಸಿನಲ್ಲಿ 43 ಜನ, ಪ್ರಿಂಟರ್ ಎರಡೇ. ಎರಡೂ ವಿಂಡೋಸ್ ಪ್ರಿಂಟ್ ಸರ್ವರ್ ಮೇಲೆ ಶೇರ್ ಆಗಿವೆ. ದಿನಕ್ಕೆ ಸುಮಾರು 180 ಸಲ ಯಾರಾದರೂ ಪ್ರಿಂಟ್ ಕೊಡುತ್ತಾರೆ. ಹನ್ನೊಂದು ಗಂಟೆಗೆ ಟ್ರೇ ಮೇಲೆ ನೋಡಿದರೆ ಐದಾರು ಜನರ ಕಾಗದ ಒಂದರ ಮೇಲೊಂದು ಬಿದ್ದಿರುತ್ತದೆ. ಬಂದವರು ಪೂರ್ತಿ ಕಟ್ಟು ಎತ್ತಿಕೊಂಡು ಹೋಗುತ್ತಾರೆ.

ಹೋದ ತಿಂಗಳು ಒಬ್ಬ ಮೇಡಂ ಅವರ ಸಂಬಳದ ಸ್ಲಿಪ್ ಬೇರೆಯವರ ಫೈಲಿನೊಳಗೆ ಪಿನ್ ಆಗಿ ಇನ್ನೊಂದು ವಿಭಾಗಕ್ಕೆ ಹೋಗಿಬಿಟ್ಟಿತು. ಅದರಲ್ಲಿ ಅವರ ಸಾಲದ ಕಂತು ಕೂಡ ಇತ್ತು. ನನ್ನ ಹತ್ತಿರ ಬಂದು ಹೇಳುವಾಗ ಅವರ ದನಿ ನಡುಗುತ್ತಿತ್ತು. ತಪ್ಪು ಎತ್ತಿಕೊಂಡು ಹೋದವರದ್ದೂ ಅಲ್ಲ, ಅವರಿಗೆ ಗೊತ್ತೇ ಇರಲಿಲ್ಲ.

ಅವತ್ತೇ ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ, ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ ಸೆಪರೇಟರ್ ಪೇಜ್ ಬಟನ್ ಒತ್ತಿ, ಅಲ್ಲಿದ್ದ ಪಿಸಿಎಲ್.ಸೆಪ್ ಆರಿಸಿದೆ. ಈಗ ಪ್ರತಿ ಪ್ರಿಂಟಿನ ಮುಂದೆ ಅದು ಯಾರದ್ದು ಎಂದು ಹೇಳುವ ಒಂದು ಹಾಳೆ ಬರುತ್ತಿದೆ, ಆದರೆ ಮೂರು ತೊಂದರೆ. ನಮ್ಮಲ್ಲಿ ಲಾಗಿನ್ ಎಂದರೆ ನೌಕರರ ನಂಬರು. ಹಾಗಾಗಿ ಹಾಳೆಯಲ್ಲಿ ನಂಬರೇ ಬರುತ್ತದೆ, ಹೆಸರು ಬರುವುದಿಲ್ಲ. ಒಂದು ಮೆಷಿನ್ನಿನಲ್ಲಿ ಪ್ರತಿ ಸಲ ಒಂದು ಖಾಲಿ ಹಾಳೆ ಜಾಸ್ತಿ ಬರುತ್ತದೆ. ವಿಭಾಗದ ಹೆಸರು, ಒಂದು ಸೂಚನೆ ಸೇರಿಸಬೇಕು, ಅದು ಹೇಗೆ ಎಂದು ತಿಳಿಯುತ್ತಿಲ್ಲ. ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇ ಸ್ಪೂಲರ್

ಸರ್, ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಜನ್ಮಪೂರ್ತಿ ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ಸೆಪ್ ಫೈಲ್ ಎಂದರೆ ಬರೀ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ. ವಿಂಡೋಸ್ ಜೊತೆಗೆ ನಾಲ್ಕು ಬರುತ್ತವೆ, ಎಲ್ಲವೂ ಸಿಸ್ಟಮ್32 ಫೋಲ್ಡರಿನಲ್ಲಿ ಇರುತ್ತವೆ. ಪಿಸಿಎಲ್.ಸೆಪ್ ಪ್ರಿಂಟರನ್ನು ಪಿಸಿಎಲ್ ಭಾಷೆಗೆ ತಿರುಗಿಸಿ ಹಾಳೆ ಹಾಕುತ್ತದೆ. ಸಿಸ್‌ಪ್ರಿಂಟ್.ಸೆಪ್ ಪೋಸ್ಟ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಪ್ರಿಂಟರ್ ಭಾಷೆಗೆ ತಿರುಗಿಸಿ ಹಾಳೆ ಹಾಕುತ್ತದೆ. ಪಿಸ್ಕ್ರಿಪ್ಟ್.ಸೆಪ್ ಬರೀ ಭಾಷೆ ತಿರುಗಿಸುತ್ತದೆ, ಹಾಳೆ ಹಾಕುವುದೇ ಇಲ್ಲ. ಇದನ್ನು ಆರಿಸಿಕೊಂಡು "ಏನೂ ಬರ್ತಿಲ್ಲ" ಅನ್ನುವವರು ತುಂಬಾ ಜನ. ನಾಲ್ಕನೆಯದು ಜಪಾನಿ ಅಕ್ಷರಗಳಿಗೆ, ನಮಗೆ ಬೇಡ.

ಮೊದಲು ಪಿಸಿಎಲ್.ಸೆಪ್ ಅನ್ನು ಕಾಪಿ ಮಾಡಿ ಬೇರೆ ಹೆಸರು ಕೊಡಿ. ಮೂಲ ಫೈಲನ್ನು ಮುಟ್ಟಬೇಡಿ. ವಿಂಡೋಸ್ ಅಪ್‌ಗ್ರೇಡ್ ಆದರೆ ನೀವು ಮಾಡಿದ್ದೆಲ್ಲ ಹೋಗಿಬಿಡಬಹುದು.

ಈಗ ಒಳಗೆ ನೋಡಿ. ಮೊದಲ ಸಾಲಿನಲ್ಲಿ ಒಂದೇ ಒಂದು ಗುರುತು ಇರುತ್ತದೆ, ಅದು ಬ್ಯಾಕ್‌ಸ್ಲ್ಯಾಷ್. ಮುಂದೆ ಎಲ್ಲೆಲ್ಲಿ ಆ ಗುರುತು ಬರುತ್ತದೋ ಅಲ್ಲೆಲ್ಲ "ಮುಂದಿನ ಅಕ್ಷರ ಅಪ್ಪಣೆ, ಅಕ್ಷರ ಅಲ್ಲ" ಎಂದು ಸ್ಪೂಲರ್ (ಪ್ರಿಂಟುಗಳನ್ನು ಸಾಲಾಗಿ ಪ್ರಿಂಟರಿಗೆ ಕಳಿಸುವ ವಿಂಡೋಸ್‌ನ ಭಾಗ) ತಿಳಿದುಕೊಳ್ಳುತ್ತದೆ. ಬ್ಯಾಕ್‌ಸ್ಲ್ಯಾಷ್ ಬದಲು ಬೇರೆ ಗುರುತೂ ಇಟ್ಟುಕೊಳ್ಳಬಹುದು. ಆದರೆ ಅಟ್ (@) ಗುರುತು ಮಾತ್ರ ಪಿಸಿಎಲ್ ಫೈಲಿನಲ್ಲಿ ಇಡಬೇಡಿ. ಪ್ರಿಂಟರ್ ಭಾಷೆ ತಿರುಗಿಸುವ ಪಿಜೆಎಲ್ ಸಾಲು ಅದೇ ಅಟ್ ಗುರುತಿನಿಂದ ಶುರುವಾಗುತ್ತದೆ. ಎರಡೂ ಜಗಳ ಆಡುತ್ತವೆ.

ಅಪ್ಪಣೆಗಳು ಇವು. ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷ್ ಅಕ್ಷರವೇ ಇರಬೇಕು. ಎನ್ ಎಂದರೆ ಪ್ರಿಂಟ್ ಕೊಟ್ಟವರ ಲಾಗಿನ್. ಐ ಎಂದರೆ ಜಾಬ್ ನಂಬರು, ಅಂದರೆ ಒಂದು ಸಲ ಕೊಟ್ಟ ಪ್ರಿಂಟಿನ ನಂಬರು. ಡಿ ತಾರೀಖು, ಟಿ ಸಮಯ. ಎಲ್ ಹಾಕಿದರೆ ಅದರ ಮುಂದೆ ಬರೆದದ್ದೆಲ್ಲ ಹಾಗೇ ಅಚ್ಚಾಗುತ್ತದೆ, ಮುಂದಿನ ಬ್ಯಾಕ್‌ಸ್ಲ್ಯಾಷ್ ಬರುವವರೆಗೆ. ನಿಮ್ಮ ವಿಭಾಗದ ಹೆಸರು, ಸೂಚನೆ ಎಲ್ಲ ಇದರಲ್ಲೇ. 0ರಿಂದ 9ರವರೆಗಿನ ಅಂಕಿ ಹಾಕಿದರೆ ಅಷ್ಟು ಸಾಲು ಬಿಡುತ್ತದೆ. 0 ಎಂದರೆ ಮುಂದಿನ ಸಾಲಿಗೆ ಹೋಗು ಎಂದಷ್ಟೇ.

ದೊಡ್ಡ ಅಕ್ಷರಕ್ಕೆ ಬಿ, ಆಮೇಲೆ ಎಸ್. ಇನ್ನೂ ಅಗಲ ಬೇಕಾದರೆ ಬಿ, ಆಮೇಲೆ ಎಂ. ನಿಲ್ಲಿಸಲು ಯು. ಇದು ಸಣ್ಣ ಅಕ್ಷರಗಳನ್ನು ಜೋಡಿಸಿ ಮಾಡುವ ದೊಡ್ಡ ಅಕ್ಷರ, ಹಳೇ ಲೈನ್ ಪ್ರಿಂಟರ್ ಕಾಲದ ರೀತಿ. ಹಾಳೆಯ ಅಗಲ ಸುಮ್ನೆ ಬಿಟ್ಟರೆ 80 ಅಕ್ಷರ. ಡಬ್ಲ್ಯು ಹಾಕಿ 256ರವರೆಗೆ ಏರಿಸಬಹುದು. ಅದಕ್ಕಿಂತ ಆಚೆ ಹೋದದ್ದು ಕತ್ತರಿಸಿ ಹೋಗುತ್ತದೆ. ಉದ್ದ ಲಾಗಿನ್ ಇದ್ದರೆ ಎಂ ಬಿಟ್ಟು ಎಸ್ ಬಳಸಿ.

ನಿಮ್ಮ ಖಾಲಿ ಹಾಳೆಗೆ ಕಾರಣ ಇ. ಅದು "ಹಾಳೆ ಹೊರಗೆ ಹಾಕು" ಎನ್ನುವ ಅಪ್ಪಣೆ. ಕೆಲವು ಮೆಷಿನ್ನುಗಳು ಹಾಳೆಯನ್ನು ತಾವೇ ಹೊರಗೆ ಹಾಕುತ್ತವೆ. ಮತ್ತೆ ಇ ಬಂದರೆ ಇನ್ನೊಂದು ಖಾಲಿ ಹಾಳೆ. ಆ ಒಂದು ಮೆಷಿನ್ನಿನ ಫೈಲಿನ ಕೊನೆಯಲ್ಲಿರುವ ಇ ತೆಗೆದು ನೋಡಿ.

ಲಾಗಿನ್ ಬದಲು ಪೂರ್ತಿ ಹೆಸರು ಕೊಡುವ ಅಪ್ಪಣೆ ಇಲ್ಲ. ಫೈಲಿನ ಹೆಸರು ಕೊಡುವ ಅಪ್ಪಣೆಯೂ ಇಲ್ಲ. ಇದು ನನಗೆ ಯಾವಾಗಲೂ ಬೇಸರ ತರುವ ಕೊರತೆ.

ಸರ್ವರ್ ರೂಮು, ತುಮಕೂರು

ತುಂಬಾ ಥ್ಯಾಂಕ್ಸ್ ಸರ್. ಇ ತೆಗೆದೆ, ಖಾಲಿ ಹಾಳೆ ನಿಂತಿತು.

ಆದರೆ ನಾನು ಮಾಡಿದ ಹೊಸ ಫೈಲ್ ಕೆಲಸ ಮಾಡುತ್ತಿಲ್ಲ. ಹಾಳೆ ತುಂಬಾ ಬ್ಯಾಕ್‌ಸ್ಲ್ಯಾಷ್, ಅಕ್ಷರ, ಅಂಕಿ ಹಾಗೇ ಅಚ್ಚಾಗುತ್ತಿವೆ. ಇನ್ನೊಂದು ಸಲ ತಿದ್ದಿ ಸೇವ್ ಮಾಡಿದರೆ ಪ್ರಿಂಟರಿಗೆ ಹಳೆಯ ಫೈಲೇ ಕಾಣುತ್ತಿದೆ. ನಾನು ಬೇರೆ ಒಂದು ಟೆಕ್ಸ್ಟ್ ಎಡಿಟರ್ ಬಳಸುತ್ತೇನೆ.

ಹಳೇ ಸ್ಪೂಲರ್

ಎರಡು ಬೇರೆ ಬೇರೆ ಕಾಯಿಲೆ.

ಒಂದು, ಎನ್‌ಕೋಡಿಂಗ್, ಅಂದರೆ ಫೈಲಿನಲ್ಲಿ ಅಕ್ಷರ ಉಳಿಸುವ ರೀತಿ. ಮೊದಲ ಸಾಲಿನ ಮೊದಲ ಗುರುತೇ ಇಡೀ ಫೈಲಿನ ಬೀಗದ ಕೈ. ಯುಟಿಎಫ್-8 ವಿತ್ ಬಿಓಎಂ ಎಂದು ಸೇವ್ ಮಾಡಿದರೆ ಬ್ಯಾಕ್‌ಸ್ಲ್ಯಾಷ್‌ಗಿಂತ ಮುಂಚೆ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿಕೊಳ್ಳುತ್ತವೆ. ಆಗ ಸ್ಪೂಲರಿಗೆ ಬ್ಯಾಕ್‌ಸ್ಲ್ಯಾಷ್ ಬರೀ ಅಕ್ಷರವಾಗಿಬಿಡುತ್ತದೆ. ಸೇವ್ ಆ್ಯಸ್‌ಗೆ ಹೋಗಿ ಎಎನ್‌ಎಸ್‌ಐ ಆರಿಸಿ. ಹಾಗೆಯೇ ಫೈಲಿನ ಹೆಸರಿನ ಕೊನೆಗೆ ನೋಟ್‌ಪ್ಯಾಡ್ ಗುಟ್ಟಾಗಿ ಡಾಟ್ ಟಿಎಕ್ಸ್‌ಟಿ ಸೇರಿಸಿದೆಯೇ ನೋಡಿ.

ಎರಡು, ನಿಮ್ಮ ಎಡಿಟರ್ 32 ಬಿಟ್‌ನದ್ದು ಇರಬೇಕು. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂ ಸಿಸ್ಟಮ್32 ಎಂದು ಕೇಳಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64 ಫೋಲ್ಡರಿಗೆ ಕಳಿಸುತ್ತದೆ. ನೀವು ತಿದ್ದುತ್ತಿರುವ ಫೈಲ್ ಅಲ್ಲಿದೆ. ಸ್ಪೂಲರ್ ಓದುತ್ತಿರುವುದು ಇಲ್ಲಿ. ಹೋಗಿ ನೋಡಿ, ಸಿಕ್ಕೇ ಸಿಗುತ್ತದೆ.

ಇದಕ್ಕೆಲ್ಲ ಒಂದೇ ಮದ್ದು: ಸರ್ವರಿನ ಡಿ ಡ್ರೈವ್‌ನಲ್ಲಿ ಸೆಪರೇಟರ್‌ಗೆ ಎಂದೇ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. ಆದರೆ ನಿಮ್ಮ ಪಿಸಿಯ ಶೇರ್ ಫೋಲ್ಡರ್ ದಾರಿ ಕೊಡಬೇಡಿ. ಫೈಲನ್ನು ಓದುವುದು ಸರ್ವರಿನ ಸ್ಪೂಲರ್, ಅದು ಸಿಸ್ಟಮ್ ಖಾತೆಯಲ್ಲಿ ಓಡುತ್ತದೆ, ನಿಮ್ಮ ಲಾಗಿನ್ನಿನಲ್ಲಿ ಅಲ್ಲ. ಕ್ಯೂ (ಸರ್ವರಿನಲ್ಲಿ ಒಂದೊಂದು ಪ್ರಿಂಟರಿಗೆ ಇರುವ ಪ್ರಿಂಟಿನ ಸಾಲು) ಜಾಸ್ತಿ ಇದ್ದರೆ ಪವರ್‌ಶೆಲ್‌ನ ಸೆಟ್-ಪ್ರಿಂಟರ್ ಕಮಾಂಡಿಗೆ ಸೆಪರೇಟರ್‌ಪೇಜ್‌ಫೈಲ್ ಎನ್ನುವ ಆಯ್ಕೆ ಇದೆ. ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಲೆಕ್ಕಪತ್ರ

ನಾನು ಕಂಪ್ಯೂಟರ್ ವಿಭಾಗದವಳಲ್ಲ, ಸ್ಟೇಷನರಿ ಬಿಲ್ಲಿಗೆ ಸಹಿ ಹಾಕುವವಳು. ಹಾಗಾಗಿ ಇನ್ನೊಂದು ಮಗ್ಗುಲು ಹೇಳಲೇಬೇಕು.

ದಿನಕ್ಕೆ 180 ಸಲ ಎಂದಿರಿ. ತಿಂಗಳಿಗೆ 25 ದಿನ ಹಿಡಿದರೆ 4,500 ಹಾಳೆ. 500ರ ಒಂದು ರೀಮಿನ ಲೆಕ್ಕದಲ್ಲಿ 9 ರೀಮ್. 80 ಜಿಎಸ್‌ಎಂ ಎ4 ಹಾಳೆ ಒಂದಕ್ಕೆ 5 ಗ್ರಾಂ ತೂಕ. ಅಂದರೆ ತಿಂಗಳಿಗೆ 22.5 ಕೆಜಿ ಕಾಗದ ಬರೀ ಹೆಸರು ಹೇಳುವುದಕ್ಕೆ. ನಮ್ಮಲ್ಲಿ ಒಂದು ಪುಟದ ಪತ್ರವೇ ಜಾಸ್ತಿ. ಒಂದು ಪುಟಕ್ಕೆ ಇನ್ನೊಂದು ಪುಟ ಕಾವಲು ಕೊಟ್ಟ ಹಾಗಾಯಿತು ಅಲ್ವಾ?

ಆ ಮೇಡಂ ಸ್ಲಿಪ್ಪಿನ ವಿಷಯ ಓದಿ ನನಗೂ ಸಂಕಟವಾಯಿತು. ಬೇಡ ಎನ್ನುತ್ತಿಲ್ಲ. ಎಲ್ಲರಿಗೂ ಎಲ್ಲದಕ್ಕೂ ಬೇಕೇ ಎಂದು ಕೇಳುತ್ತಿದ್ದೇನೆ.

ಸರ್ವಿಸ್ ಬ್ಯಾಗು

ಮೇಡಂ ಹೇಳಿದ್ದರಲ್ಲಿ ಒಂದು ಮಾತು ಸೇರಿಸುತ್ತೇನೆ. ನಾನು ಕಾಪಿಯರ್, ಪ್ರಿಂಟರ್ ರಿಪೇರಿ ಮಾಡುವವನು, ದಿನಾ ಏಳೆಂಟು ಆಫೀಸು ಸುತ್ತುತ್ತೇನೆ. ಬಾಡಿಗೆ ಮೆಷಿನ್ ಇದ್ದು ಪುಟಕ್ಕೆ ಇಷ್ಟು ಪೈಸೆ ಎಂದು ಒಪ್ಪಂದ ಇದ್ದರೆ ಸೆಪರೇಟರ್ ಹಾಳೆಯೂ ಮೀಟರಿಗೆ ಏರುತ್ತದೆ. ಮೆಷಿನ್ನಿಗೆ ಅದು ಕೂಡ ಒಂದು ಪ್ರಿಂಟೇ. ಒಂದು ಆಫೀಸಿನಲ್ಲಿ ಇದನ್ನು ಆನ್ ಮಾಡಿ ಯಾರಿಗೂ ಹೇಳಿರಲಿಲ್ಲ. ತಿಂಗಳ ಕೊನೆಗೆ ಬಿಲ್ ನೋಡಿ ಎಲ್ಲರೂ ನನ್ನನ್ನೇ ಹಿಡಿದುಕೊಂಡರು.

ಇನ್ನು ಒಂದು ಮಗ್ಗುಲು ಬಳಸಿದ ಹಾಳೆಯನ್ನು ಎರಡನೇ ಟ್ರೇಗೆ ಹಾಕಿ ಸೆಪರೇಟರಿಗೆ ಬಳಸುವವರು ಇದ್ದಾರೆ. ಬಳಸಬಹುದು, ಆದರೆ ಮೂರು ಎಚ್ಚರ. ಪಿನ್ ಹೊಡೆದು ತೆಗೆದ ಹಾಳೆ ಹಾಕಲೇಬೇಡಿ. ಒಂದು ಪಿನ್ ಒಳಗೆ ಉಳಿದರೆ ಫ್ಯೂಸರ್ (ಬಿಸಿಯಿಂದ ಟೋನರನ್ನು ಹಾಳೆಗೆ ಅಂಟಿಸುವ ಭಾಗ) ಫಿಲ್ಮ್ ಹರಿಯುತ್ತದೆ, ಅದರ ಖರ್ಚಿಗೆ ಎಷ್ಟೋ ರೀಮ್ ಬರುತ್ತದೆ. ಸುರುಳಿ ಸುತ್ತಿದ ಹಾಳೆ ಸಿಕ್ಕಿಹಾಕಿಕೊಳ್ಳುತ್ತದೆ, ಒಂದು ದಿನ ಭಾರ ಇಟ್ಟು ಚಪ್ಪಟೆ ಮಾಡಿ. ಮೂರನೆಯದೇ ಮುಖ್ಯ. ಹಿಂದಿನ ಮಗ್ಗುಲಲ್ಲಿ ಏನಿದೆ ನೋಡಿ. ಗುಟ್ಟು ಕಾಯಲು ಹಾಕಿದ ಹಾಳೆಯ ಬೆನ್ನಿನಲ್ಲೇ ಇನ್ನೊಬ್ಬರ ಆಧಾರ್ ಕಾಪಿ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಳೇ ಸ್ಪೂಲರ್

ಮೇಡಂ ಪ್ರಶ್ನೆಗೆ ನನ್ನ ಉತ್ತರ: ಎಲ್ಲರಿಗೂ ಬೇಡ. ಒಂದೇ ಪ್ರಿಂಟರಿಗೆ ಸರ್ವರಿನಲ್ಲಿ ಎರಡು ಕ್ಯೂ ಮಾಡಬಹುದು. ಎರಡೂ ಅದೇ ಐಪಿ ಪೋರ್ಟಿಗೆ ಹೋಗುತ್ತವೆ. ಒಂದಕ್ಕೆ ಸೆಪರೇಟರ್ ಇಡಿ, ಇನ್ನೊಂದಕ್ಕೆ ಬೇಡ. ಸಂಬಳ, ರಜೆ, ಮೆಡಿಕಲ್ ಬಿಲ್ ನೋಡುವವರಿಗೆ ಮೊದಲನೆಯದು ಕೊಡಿ. ಉಳಿದವರಿಗೆ ಎರಡನೆಯದು. ಒಂದೇ ಪುಟದ ಪತ್ರ ಹಾಕುವವರ ಕಾಗದ ಉಳಿಯುತ್ತದೆ.

ಟ್ರೇ ಬದಲಿಸುವುದೂ ಸೆಪ್ ಫೈಲಿನಲ್ಲೇ ಆಗುತ್ತದೆ. ಎಚ್ ಎನ್ನುವ ಅಪ್ಪಣೆ ಪ್ರಿಂಟರಿಗೆ ನೇರವಾಗಿ ಒಂದು ಬೈಟ್ ಕಳಿಸುತ್ತದೆ. ಬ್ಯಾಕ್‌ಸ್ಲ್ಯಾಷ್, ಎಚ್, 1ಬಿ ಎಂದು ಬರೆದರೆ ಎಸ್ಕೇಪ್, ಅಂದರೆ "ಮುಂದೆ ಬರುವುದು ಪ್ರಿಂಟರಿಗೆ ಅಪ್ಪಣೆ" ಎನ್ನುವ ಗುರುತು ಹೋಗುತ್ತದೆ. ಅದರ ಹಿಂದೆಯೇ ಬ್ಯಾಕ್‌ಸ್ಲ್ಯಾಷ್, ಎಲ್ ಹಾಕಿ ಪಿಸಿಎಲ್‌ನ ಟ್ರೇ ಕೋಡ್ ಬರೆಯಿರಿ: ಆ್ಯಂಪರ್‌ಸ್ಯಾಂಡ್, ಸಣ್ಣ ಎಲ್, ಅಂಕಿ, ದೊಡ್ಡ ಎಚ್. ಸಾಮಾನ್ಯವಾಗಿ ಅಂಕಿ 1 ಎಂದರೆ ಮೇಲಿನ ಟ್ರೇ, 4 ಎಂದರೆ ಕೆಳಗಿನ ಟ್ರೇ. ಮೆಷಿನ್ನಿಂದ ಮೆಷಿನ್ನಿಗೆ ಬದಲಾಗುತ್ತದೆ, ಮ್ಯಾನುಯಲ್ ನೋಡಿ. ಆ ಸಣ್ಣ ಎಲ್ ನೋಡಲು ಒಂದರ ಅಂಕಿಯ ಹಾಗೇ ಇರುತ್ತದೆ. ಒಂದು ಎಂದು ಟೈಪ್ ಮಾಡಿ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಈ ಸಾಲು ಪಿಸಿಎಲ್‌ಗೆ ತಿರುಗಿಸುವ ಸಾಲಿನ ನಂತರ, ಹೆಸರಿನ ಸಾಲಿಗಿಂತ ಮುಂಚೆ ಇರಬೇಕು. ಡಾಕ್ಯುಮೆಂಟ್ ಶುರುವಾದಾಗ ಅದರ ಡ್ರೈವರ್ ತನ್ನ ಟ್ರೇಯನ್ನು ತಾನೇ ಕೇಳಿಕೊಳ್ಳುತ್ತದೆ.

ಧಾರವಾಡದ ಲಿನಕ್ಸು

ಇಷ್ಟು ಹೊತ್ತು ಓದುತ್ತಾ ಕುಳಿತಿದ್ದೆ. ಲಿನಕ್ಸ್ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಈ ಹಾಳೆಯ ತವರುಮನೆ ಯುನಿಕ್ಸು ಮತ್ತು ಮೇನ್‌ಫ್ರೇಮು. ಆಗ ಮಡಿಕೆ ಮಡಿಕೆಯಾಗಿ ಬರುವ ಉದ್ದ ಕಾಗದ. ಎಲ್ಲರದ್ದೂ ಅದೇ ಒಂದು ಕಾಗದದಲ್ಲಿ ಅಚ್ಚಾಗುತ್ತಿತ್ತು. ಆಪರೇಟರ್ ದೊಡ್ಡ ಅಕ್ಷರದ ಹೆಸರು ನೋಡಿ ಹರಿದು ಅವರವರ ಗೂಡಿನಲ್ಲಿ ಇಡುತ್ತಿದ್ದರು. 1990ರ ಆರ್‌ಎಫ್‌ಸಿ 1179, ಅಂದರೆ ಪ್ರಿಂಟ್ ಕಳಿಸುವ ಎಲ್‌ಪಿಡಿ ಪ್ರೋಟೋಕಾಲ್ ಬರಹ, ಬ್ಯಾನರ್ (ಸೆಪರೇಟರಿಗೆ ಅಲ್ಲಿನ ಹೆಸರು) ಹಾಳೆಗೆ ಎಂದೇ ಅಪ್ಪಣೆ ಇಟ್ಟಿದೆ. ಯುನಿಕ್ಸಿನ ಒಂದು ಬಗೆಯಾದ ಬಿಎಸ್‌ಡಿಯ ಪ್ರಿಂಟ್‌ಕ್ಯಾಪ್ ಫೈಲಿನಲ್ಲಿ ಎಸ್‌ಎಚ್ ಎಂದು ಬರೆದರೆ ಬ್ಯಾನರ್ ಬರುವುದಿಲ್ಲ, ಎಚ್‌ಎಲ್ ಎಂದರೆ ಕೊನೆಯಲ್ಲಿ ಬರುತ್ತದೆ.

ಈಗ ಲಿನಕ್ಸಿನಲ್ಲಿ ಎಲ್ಲ ಕಡೆ ಕಪ್ಸ್ ಎಂಬ ಪ್ರಿಂಟ್ ವ್ಯವಸ್ಥೆ. ಅದರಲ್ಲಿ ಮೊದಲು ಒಂದು, ಕೊನೆಗೆ ಒಂದು, ಎರಡು ಬ್ಯಾನರ್ ಇಡಬಹುದು. ಎಲ್‌ಪಿಅಡ್ಮಿನ್ ಕಮಾಂಡಿನಲ್ಲಿ ಜಾಬ್-ಶೀಟ್ಸ್-ಡೀಫಾಲ್ಟ್ ಎನ್ನುವ ಆಯ್ಕೆಗೆ ಸ್ಟ್ಯಾಂಡರ್ಡ್, ನನ್ ಎಂದು ಕೊಟ್ಟರೆ ಮುಂದೆ ಮಾತ್ರ ಬರುತ್ತದೆ. ಕಾನ್ಫಿಡೆನ್ಶಿಯಲ್, ಸೀಕ್ರೆಟ್ ಎಂಬ ಬ್ಯಾನರುಗಳೂ ಸಿದ್ಧವಾಗಿವೆ. ನಿಮಗೆ ಬೇಕಾದದ್ದು ಇಲ್ಲಿದೆ ನೋಡಿ: ಬ್ಯಾನರಿನಲ್ಲಿ ಜಾಬ್ ಹೆಸರು ಹಾಕಬಹುದು. ವಿಂಡೋಸ್‌ನಲ್ಲಿ ಇಲ್ಲ ಎಂದು ಮೇಲೆ ಹೇಳಿದರಲ್ಲ, ಅದು.

ಆದರೆ ಒಂದು ಕಿವಿಮಾತು. ಜಾಬ್ ಹೆಸರು ಹಾಕುವ ಮುಂಚೆ ಯೋಚಿಸಿ. ಫೈಲಿಗೆ "ಅಮಾನತು ಆದೇಶ" ಎಂದು ಹೆಸರಿಟ್ಟಿದ್ದರೆ ಮೊದಲ ಹಾಳೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಅದೇ ಅಚ್ಚಾಗುತ್ತದೆ. ಹೆಸರು ಸಾಕು, ವಿಷಯ ಬೇಡ.

ಶಾಲೆ ಲ್ಯಾಬು, ಶಿರಸಿ

ನಮ್ಮ ಶಾಲೆಯಲ್ಲಿ ಚಿಕ್ಕ ಲೇಸರ್ ಪ್ರಿಂಟರ್ ಒಂದೇ. ನಾನು ಪಿಸಿಎಲ್.ಸೆಪ್ ಹಾಕಿದರೆ ಏನೂ ಬರುವುದಿಲ್ಲ. ಸಿಸ್‌ಪ್ರಿಂಟ್ ಹಾಕಿದರೆ ಒಮ್ಮೊಮ್ಮೆ ಅರ್ಥವಾಗದ ಅಕ್ಷರ. ಮೆಷಿನ್ ಹಾಳಾಗಿದೆಯೇ?

ಸರ್ವಿಸ್ ಬ್ಯಾಗು

ಹಾಳಾಗಿಲ್ಲ. ಕಡಿಮೆ ಬೆಲೆಯ ಎಷ್ಟೋ ಪ್ರಿಂಟರ್‌ಗಳಿಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಎರಡೂ ಬರುವುದಿಲ್ಲ. ಪುಟದ ಚಿತ್ರವನ್ನು ಕಂಪ್ಯೂಟರೇ ತಯಾರಿಸಿ ಕಳಿಸಬೇಕು. ಸೆಪ್ ಫೈಲ್ ಡ್ರೈವರ್ ಒಳಗಿಂದ ಹೋಗುವುದಿಲ್ಲ, ನೇರವಾಗಿ ಹೋಗುತ್ತದೆ. ಮೆಷಿನ್ನಿಗೆ ಅದು ತಿಳಿಯದ ಭಾಷೆ. ಬಾಕ್ಸಿನ ಮೇಲೆ ಅಥವಾ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಪಿಸಿಎಲ್ 5, ಪಿಸಿಎಲ್ 6 ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಸೆಪರೇಟರ್ ಆಸೆ ಬಿಡಿ.

ಧಾರವಾಡದ ಲಿನಕ್ಸು

ಆಸೆ ಬಿಡಬೇಕಾಗಿಲ್ಲ. ಆ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಇದ್ದರೆ ಹಳೇ ಪಿಸಿಯೊಂದರಲ್ಲಿ ಕಪ್ಸ್ ಹಾಕಿ. ಅಲ್ಲಿ ಬ್ಯಾನರ್ ಮೊದಲು ಪಿಡಿಎಫ್ ಆಗುತ್ತದೆ, ಆಮೇಲೆ ನಿಮ್ಮ ಡಾಕ್ಯುಮೆಂಟ್ ಹೋಗುವ ದಾರಿಯಲ್ಲೇ ಡ್ರೈವರ್ ಮೂಲಕ ಹೋಗುತ್ತದೆ. ಶಾಲೆಯ ಮೂಲೆಯಲ್ಲಿ ಬಿದ್ದಿರುವ ಪಿಸಿ ಸಾಕು.

ಸರ್ವರ್ ರೂಮು, ತುಮಕೂರು

ಒಂದು ಪ್ರಶ್ನೆ ಉಳಿದಿದೆ. ಹಾಳೆಯ ಮೇಲೆ ಕನ್ನಡದಲ್ಲಿ "ಈ ಕಾಗದ ನಿಮ್ಮದಲ್ಲದಿದ್ದರೆ ದಯವಿಟ್ಟು ಇಲ್ಲೇ ಇಡಿ" ಎಂದು ಬರಬೇಕು. ನಮ್ಮಲ್ಲಿ ಕಾಗದ ಒಯ್ಯುವ ಅಟೆಂಡರ್‌ಗಳು ಕನ್ನಡವನ್ನೇ ಓದುವವರು. ಇಂಗ್ಲಿಷ್ ಸೂಚನೆ ಅವರಿಗೆ ತಲುಪುವುದಿಲ್ಲ. ಎಲ್ ಹಾಕಿ ಕನ್ನಡ ಬರೆದರೆ ಕಸದ ಅಕ್ಷರ ಬರುತ್ತಿದೆ.

ಹಳೇ ಸ್ಪೂಲರ್

ಬರುವುದಿಲ್ಲ ಸರ್. ಸೆಪ್ ಫೈಲಿನ ಅಕ್ಷರ ಅಚ್ಚಾಗುವುದು ಪ್ರಿಂಟರಿನ ಒಳಗಿರುವ ಫಾಂಟಿನಿಂದ. ನಿಮ್ಮ ಮೆಷಿನ್ನಿನ ಒಳಗೆ ಕನ್ನಡ ಫಾಂಟ್ ಇಲ್ಲ. ಇದ್ದರೂ ಒತ್ತಕ್ಷರ ಕೂಡಿಸುವ ಬುದ್ಧಿ ಅದಕ್ಕೆ ಬೇಕಲ್ಲ.

ಎಫ್ ಎನ್ನುವ ಅಪ್ಪಣೆ ಒಂದಿದೆ, ಬೇರೊಂದು ಫೈಲನ್ನು ಇದ್ದ ಹಾಗೇ ಪ್ರಿಂಟರಿಗೆ ಸುರಿಯುತ್ತದೆ. ವರ್ಡ್‌ನಲ್ಲಿ ಕನ್ನಡ ಬರೆದು, ಪಿಸಿಎಲ್ ಡ್ರೈವರಿನಿಂದ ಪ್ರಿಂಟ್ ಟು ಫೈಲ್ ಮಾಡಿ, ಅದನ್ನು ಎಫ್‌ನಿಂದ ಕರೆಯಬಹುದು. ನಾನು ಮಾಡಿ ನೋಡಿದೆ. ಕನ್ನಡ ಚೆನ್ನಾಗಿ ಬಂತು. ಆದರೆ ಆ ಫೈಲಿನ ಕೊನೆಯಲ್ಲಿ ಅದರದ್ದೇ ಹಾಳೆ ಹೊರಹಾಕುವ ಕೋಡ್ ಇತ್ತು, ಹಾಗಾಗಿ ಲಾಗಿನ್ ಎರಡನೇ ಹಾಳೆಗೆ ಹೋಯಿತು. ಮೇಡಂ ಲೆಕ್ಕ ದುಪ್ಪಟ್ಟಾಗುತ್ತದೆ.

ಲೆಕ್ಕಪತ್ರ

ಕಂಪ್ಯೂಟರಿಗೆ ಯಾಕೆ ಇಷ್ಟು ಕಷ್ಟ ಕೊಡುತ್ತೀರಿ? ಎರಡನೇ ಟ್ರೇ ಇದೆಯಲ್ಲ. ತೆಳು ಗುಲಾಬಿ ಕಾಗದದ ಕೆಳಭಾಗದಲ್ಲಿ ಕನ್ನಡ ಸೂಚನೆಯನ್ನು ಮೊದಲೇ ಎರಡೂ ಮಗ್ಗುಲಿಗೆ ಒಂದು ರೀಮ್ ಅಚ್ಚು ಹಾಕಿಸಿ ಅದರಲ್ಲಿ ಇಡಿ. ಮೇಲ್ಭಾಗದಲ್ಲಿ ಲಾಗಿನ್ ಬರಲಿ. ಬಣ್ಣ ನೋಡಿದರೆ ಕಟ್ಟು ಎಲ್ಲಿ ಮುಗಿಯಿತು ಎಂದು ದೂರದಿಂದಲೇ ತಿಳಿಯುತ್ತದೆ. ಪ್ರಿಂಟರ್ ಪಕ್ಕ ಒಂದು ಡಬ್ಬ ಇಟ್ಟು ಬಳಸಿದ ಗುಲಾಬಿ ಹಾಳೆ ವಾಪಸ್ ಹಾಕಿಸಿ. ಇನ್ನೊಂದು ಮಗ್ಗುಲಿಗೂ ಬರುತ್ತದೆ.

ಸರ್ವಿಸ್ ಬ್ಯಾಗು

ಮೇಡಂ, ಇದು ನನಗೆ ಹೊಳೆದಿರಲಿಲ್ಲ. ಒಂದೇ ಮಾತು: ಸೂಚನೆಯನ್ನು ಲೇಸರಿನಲ್ಲೇ ಅಚ್ಚು ಹಾಕಿ ಅಥವಾ ಪ್ರೆಸ್‌ನವರಿಗೆ ಲೇಸರಿಗೆ ಹೋಗುವ ಹಾಳೆ ಎಂದು ಹೇಳಿ. ಬಿಸಿಗೆ ಕರಗುವ ಶಾಯಿ ಇದ್ದರೆ ಫ್ಯೂಸರಿಗೆ ಅಂಟುತ್ತದೆ.

ಸರ್ವರ್ ರೂಮು, ತುಮಕೂರು

ಎರಡು ವಾರ ಆಯಿತು, ಏನಾಯಿತು ಎಂದು ಹೇಳಲು ಬಂದೆ.

ಎರಡು ಕ್ಯೂ ಮಾಡಿದೆ. ಸಂಬಳ, ರಜೆ, ಬಿಲ್ ನೋಡುವ 9 ಜನರಿಗೆ ಸೆಪರೇಟರ್ ಇರುವ ಕ್ಯೂ. ಗುಲಾಬಿ ಹಾಳೆ ಎರಡನೇ ಟ್ರೇಯಿಂದ ಬರುತ್ತಿದೆ. ಸಣ್ಣ ಎಲ್ ಬದಲು ನಾನೂ ಒಂದು ಎಂದೇ ಟೈಪ್ ಮಾಡಿದ್ದೆ, ನಿಮ್ಮ ಮಾತು ನೆನಪಾಗಿ ಐದು ನಿಮಿಷದಲ್ಲಿ ಸಿಕ್ಕಿತು. ಲಾಗಿನ್ ನಂಬರು ಆದ್ದರಿಂದ ಪ್ರಿಂಟರ್ ಮೇಲಿನ ಗೋಡೆಗೆ ನಂಬರು, ಹೆಸರು ಇರುವ ಪಟ್ಟಿ ಅಂಟಿಸಿದ್ದೇನೆ. ಅಟೆಂಡರ್ ಅಣ್ಣ ಅದನ್ನು ನೋಡಿ ಅವರವರ ಟೇಬಲ್ಲಿಗೆ ತಲುಪಿಸುತ್ತಾರೆ. ನಿನ್ನೆ ಆ ಮೇಡಂ ತಮ್ಮ ಸ್ಲಿಪ್ ಮೇಲಿದ್ದ ಗುಲಾಬಿ ಹಾಳೆಯನ್ನು ತಾವೇ ತಂದು ಡಬ್ಬಕ್ಕೆ ಹಾಕಿದರು.

ಒಂದೇ ಕಿರಿಕಿರಿ ಉಳಿದಿದೆ. ಎಕ್ಸೆಲ್‌ನಲ್ಲಿ ಇಡೀ ವರ್ಕ್‌ಬುಕ್ ಪ್ರಿಂಟ್ ಕೊಟ್ಟರೆ ಪ್ರತಿ ಶೀಟಿಗೂ ಒಂದು ಗುಲಾಬಿ ಹಾಳೆ ಬರುತ್ತದೆ. ನಿನ್ನೆ ಒಬ್ಬರಿಗೆ 12 ಬಂತು.

ಹಳೇ ಸ್ಪೂಲರ್

ಶೀಟ್‌ಗಳ ಪೇಜ್ ಸೆಟಪ್‌ನಲ್ಲಿ ಪ್ರಿಂಟ್ ಕ್ವಾಲಿಟಿ ಬೇರೆ ಬೇರೆ ಇದ್ದರೆ ಎಕ್ಸೆಲ್ ಅವುಗಳನ್ನು ಬೇರೆ ಬೇರೆ ಜಾಬ್ ಮಾಡಿ ಕಳಿಸುತ್ತದೆ. ಸ್ಪೂಲರಿಗೆ ಅವು 12 ಜಾಬು, ಹಾಗಾಗಿ 12 ಹಾಳೆ. ಪ್ರತಿ ಶೀಟಿನ ಪೇಜ್ ಸೆಟಪ್ ತೆರೆದು ಕ್ವಾಲಿಟಿ ಒಂದೇ ಇಡಿ. ಅವಸರ ಇದ್ದರೆ ಪಿಡಿಎಫ್ ಮಾಡಿ ಅದನ್ನು ಪ್ರಿಂಟ್ ಕೊಡಲಿ, ಒಂದೇ ಹಾಳೆ ಬರುತ್ತದೆ.